ಟಿಕೆಟ್ ದರವಿದೆ, ಜನರ ಲೆಕ್ಕವಿಲ್ಲ

ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಯೋಜನೆಯ ಕರ್ನಾಟಕದ ಭಾಗ, ಅಂದರೆ ಹೊಸಕೋಟೆಯಿಂದ ಬೇತಮಂಗಲದವರೆಗಿನ ಸುಮಾರು 71 ಕಿಲೋಮೀಟರ್ ರಸ್ತೆ, 2024ರ ಡಿಸೆಂಬರ್‌ನಲ್ಲಿ ವಾಹನಗಳಿಗೆ ತೆರೆದುಕೊಂಡಿತು. ರಾಜಧಾನಿಯ ಪೂರ್ವ ಭಾಗದ ಬಡಾವಣೆಗಳಿಗೆ ಮಾಲೂರು, ಬಂಗಾರಪೇಟೆ, ಕೆಜಿಎಫ್ ಸೀಮೆ ಈಗ ಪಕ್ಕದ ಮನೆಯಂತಾಗಿದೆ. ಬೆಳಗಿನ ತಿಂಡಿ ಮುಗಿಸಿ ಹೊರಟ ಕುಟುಂಬವೊಂದು ಕಮ್ಮಸಂದ್ರದ ಕೋಟಿಲಿಂಗೇಶ್ವರವನ್ನು ನೋಡಿಕೊಂಡು ಮಧ್ಯಾಹ್ನದ ಊಟದ ಹೊತ್ತಿಗೆ ಮನೆಗೆ ಮರಳಬಹುದು. 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿದ ಬಳಿಕ ಹೊರಗಿನಿಂದ ದುಡ್ಡು ತರುವ ದಾರಿಗಳಿಗಾಗಿ ಕಣ್ಣು ಹಾಯಿಸುತ್ತಲೇ ಇರುವ ಕೋಲಾರ ಜಿಲ್ಲೆಗೆ ಈ ವಾರಾಂತ್ಯದ ಪ್ರವಾಸಿ ಬೇಡವಾದ ಅತಿಥಿಯೇನಲ್ಲ. ಆತನನ್ನು ಬರಮಾಡಿಕೊಳ್ಳುವ ಮೊದಲ ಕೆಲಸವಾಗಿ ಪ್ರತಿ ಬೆಟ್ಟದ ಬುಡದಲ್ಲಿ, ಪ್ರತಿ ದೇವಾಲಯದ ಮುಂದೆ ಒಂದೊಂದು ಟಿಕೆಟ್ ಕೌಂಟರ್ ತಲೆಯೆತ್ತುವ ದಿನವೂ ದೂರವಿಲ್ಲ. ಕೋಟಿಲಿಂಗೇಶ್ವರದಲ್ಲಿ ಪ್ರವೇಶಕ್ಕೂ ವಾಹನ ನಿಲುಗಡೆಗೂ ಶುಲ್ಕ ಮೊದಲಿನಿಂದಲೂ ಇದೆ.

ಟಿಕೆಟ್ ಇಡುವುದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಟಿಕೆಟ್ಟನ್ನು ಯಾತಕ್ಕಾಗಿ ಇಡುತ್ತಿದ್ದೇವೆ ಎಂಬ ಪ್ರಶ್ನೆಯನ್ನು ನಮ್ಮ ಆಡಳಿತ ಎಂದೂ ನೇರವಾಗಿ ಕೇಳಿಕೊಂಡಿಲ್ಲ. ಹಣ ಸಂಗ್ರಹಿಸಲು ಇಡುವ ಟಿಕೆಟ್ ಒಂದು ಬಗೆಯದು. ಜನರನ್ನು ಎಣಿಸಲು, ಹಂಚಲು, ಅಗತ್ಯವಿದ್ದರೆ ತಡೆಯಲು ಇಡುವ ಟಿಕೆಟ್ ಇನ್ನೊಂದು ಬಗೆಯದು. ಎರಡೂ ನೋಡಲು ಒಂದೇ ತೆರನ ಕಾಗದದ ಚೂರುಗಳಾದ್ದರಿಂದ ಮೊದಲನೆಯದನ್ನು ಮುದ್ರಿಸಿ ಎರಡನೆಯದರ ಫಲವನ್ನು ನಿರೀಕ್ಷಿಸುವ ಭ್ರಮೆ ನಮ್ಮಲ್ಲಿ ಬೇರೂರಿದೆ. ದರ ಏರಿಸಿದರೆ ನೂಕುನುಗ್ಗಲು ತಾನಾಗಿಯೇ ತಗ್ಗುತ್ತದೆ ಎಂಬ ಮಾತನ್ನು ಸಭೆಗಳಲ್ಲಿ ನಾನು ಎಷ್ಟು ಬಾರಿ ಕೇಳಿದ್ದೇನೋ ಲೆಕ್ಕವಿಲ್ಲ. ಅರ್ಥಶಾಸ್ತ್ರದ ಮೊದಲ ಪಾಠವನ್ನು ಓದಿ ಎರಡನೆಯದನ್ನು ಬಿಟ್ಟವರು ಆಡುವ ಮಾತು ಅದು.

ದರದಿಂದ ಜನರನ್ನು ಹಂಚಬಹುದು ಎಂಬುದು ಸುಳ್ಳಲ್ಲ. ಮನರಂಜನಾ ಉದ್ಯಾನಗಳು ಇದನ್ನು ಬಹಳ ಅಚ್ಚುಕಟ್ಟಾಗಿ ಮಾಡಿ ತೋರಿಸಿವೆ. ಬಿಡದಿಯ ಬಳಿ 2005ರಲ್ಲಿ ಆರಂಭವಾದ ವಂಡರ್‌ಲಾದಲ್ಲಿ ವಾರದ ದಿನಗಳಿಗೊಂದು ದರ, ವಾರಾಂತ್ಯ ಮತ್ತು ರಜಾದಿನಗಳಿಗೆ ಅದಕ್ಕಿಂತ ಹೆಚ್ಚಿನ ದರ. ಸರದಿಯಲ್ಲಿ ಕಾಯಲು ಮನಸ್ಸಿಲ್ಲದವರಿಗೆ ಇನ್ನೂ ಹೆಚ್ಚಿನ ದರದ ಫಾಸ್ಟ್‌ಟ್ರ್ಯಾಕ್ ಟಿಕೆಟ್. ಅಮೆರಿಕದ ಉದ್ಯಾನಗಳು ಈ ವಿದ್ಯೆಯಲ್ಲಿ ನಮಗಿಂತ ಬಹಳ ಮುಂದಿವೆ. ಅಕ್ಟೋಬರ್ 31ರ ಹ್ಯಾಲೋವೀನ್ ಪಾಶ್ಚಾತ್ಯರು ದೆವ್ವಭೂತಗಳ ವೇಷ ತೊಟ್ಟು ನಲಿಯುವ ಹಬ್ಬ. ನಮ್ಮ ಮಹಾಲಯದ ಪಿತೃಗಳಿಗೂ ಅದಕ್ಕೂ ಎಲ್ಲೋ ದೂರದ ನೆಂಟಸ್ತನ ಇರಬೇಕು. ಒರ್ಲಾಂಡೊದ ಡಿಸ್ನಿ ಉದ್ಯಾನದಲ್ಲಿ ಈ ಹಬ್ಬದ ಸಂಜೆಗಳು ಆಗಸ್ಟ್ ತಿಂಗಳಿನಲ್ಲೇ ಶುರುವಾಗುತ್ತವೆ. ಅದಕ್ಕೆ ಪ್ರತ್ಯೇಕ ಟಿಕೆಟ್, ದಿನಕ್ಕೊಂದು ದರ. 2024ರಲ್ಲಿ ಆ ದರ 119 ಡಾಲರ್‌ನಿಂದ 199 ಡಾಲರ್‌ವರೆಗೆ ಇತ್ತು. ಆಗಸ್ಟ್‌ನ ಸಂಜೆ ಅಗ್ಗ, ಹಬ್ಬದ ಹತ್ತಿರದ ಸಂಜೆ ತುಟ್ಟಿ. ಅಲ್ಲಿಯೇ ಇರುವ ಯೂನಿವರ್ಸಲ್ ಉದ್ಯಾನ 1991ರಿಂದ ನಡೆಸಿಕೊಂಡು ಬಂದಿರುವ ಹ್ಯಾಲೋವೀನ್ ರಾತ್ರಿಗಳಲ್ಲಿ ಸರದಿ ಮೀರಿ ಹೋಗುವ ಪಾಸಿನ ಬೆಲೆ ಪ್ರವೇಶದ ಟಿಕೆಟ್ಟಿನ ಬೆಲೆಯನ್ನೂ ಮೀರುವುದುಂಟು.

ಇದು ಅಲ್ಲಿ ಫಲ ಕೊಡುವುದಕ್ಕೆ ಎರಡು ಕಾರಣಗಳಿವೆ. ಒಂದು, ಯಾವ ಸಂಜೆಗೆ ಎಷ್ಟು ಟಿಕೆಟ್ ಎಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಅಷ್ಟು ಮುಗಿದರೆ ಕೌಂಟರ್ ಮುಚ್ಚುತ್ತದೆ. ಇನ್ನೊಂದು, ಹೆಚ್ಚು ಮುಖ್ಯವಾದದ್ದು: ಅಲ್ಲಿಗೆ ಹೋಗುವವನಿಗೆ ಒಂದು ದಿನದ ಬದಲು ಇನ್ನೊಂದು ದಿನ ಆದೀತು. ಸೆಪ್ಟೆಂಬರ್‌ನ ಮಂಗಳವಾರ ಕಾಣುವ ದೆವ್ವವೂ ಅಕ್ಟೋಬರ್‌ನ ಶುಕ್ರವಾರ ಕಾಣುವ ದೆವ್ವವೂ ಒಂದೇ. ನಲವತ್ತು ಡಾಲರ್ ಉಳಿಯುತ್ತದೆಂದರೆ ಆತ ಮಂಗಳವಾರವೇ ಹೋಗುತ್ತಾನೆ. ದಿನಗಳು ಒಂದಕ್ಕೊಂದು ಬದಲಿಯಾಗಬಲ್ಲವಾದರೆ ಮಾತ್ರ ಬೆಲೆ ಜನರನ್ನು ಒಂದು ದಿನದಿಂದ ಇನ್ನೊಂದು ದಿನಕ್ಕೆ ಸರಿಸುತ್ತದೆ.

ಈಗ ಇದೇ ಉಪಾಯವನ್ನು ಮಾಲೂರು ತಾಲ್ಲೂಕಿನ ಚಿಕ್ಕತಿರುಪತಿಗೆ ತನ್ನಿ. ಶ್ರಾವಣ ಮಾಸದ ಶನಿವಾರಗಳಂದು ಅಲ್ಲಿನ ವೆಂಕಟರಮಣಸ್ವಾಮಿಯ ದರ್ಶನಕ್ಕೆ ಬೆಂಗಳೂರಿನಿಂದ, ಹೊಸೂರಿನಿಂದ, ಜಿಲ್ಲೆಯ ಹಳ್ಳಿಹಳ್ಳಿಗಳಿಂದ ಜನ ಹರಿದು ಬರುತ್ತಾರೆ. ಶನಿವಾರದ ದರ್ಶನಕ್ಕೆ ಐನೂರು ರೂಪಾಯಿ, ಮಂಗಳವಾರ ಬಂದರೆ ಉಚಿತ ಎಂದು ಫಲಕ ಹಾಕಿದರೆ ಎಷ್ಟು ಜನ ಮಂಗಳವಾರ ಬರುತ್ತಾರೆ? ಹರಕೆ ಹೊತ್ತವಳಿಗೆ ಶ್ರಾವಣ ಶನಿವಾರದ ಬದಲು ಬೇರೊಂದು ದಿನವಿಲ್ಲ. ಅವಳ ಪಾಲಿಗೆ ಬೆಲೆ ಎಂಬುದು ದಿನ ಬದಲಿಸುವ ಸೂಚನೆಯಲ್ಲ, ಅದು ಕೇವಲ ದಂಡ. ಆಕೆ ದಂಡ ತೆತ್ತು ಅದೇ ದಿನ ಬರುತ್ತಾಳೆ. ತೆರಲು ಇಲ್ಲದಿದ್ದರೆ ಉಚಿತ ಸಾಲಿನಲ್ಲಿ ಅದೇ ದಿನ ಬರುತ್ತಾಳೆ. ಶಕ್ತಿ ಯೋಜನೆಯಡಿ 2023ರ ಜೂನ್ 11ರಿಂದ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾದ ಮೇಲೆ ದೇವಸ್ಥಾನಗಳಲ್ಲಿ ಜಂಗುಳಿ ಹೆಚ್ಚಾಯಿತೆಂದು ದೂರುವವರಿದ್ದಾರೆ. ನಾನು ಆ ಗುಂಪಿನವನಲ್ಲ. ಮನೆಯ ಹೊಸ್ತಿಲು ದಾಟಲು ಬಸ್ ಚಾರ್ಜಿನ ಲೆಕ್ಕ ಹಾಕಬೇಕಿದ್ದ ಹೆಣ್ಣುಮಕ್ಕಳು ದೇವರನ್ನು ನೋಡಿ ಬಂದರೆ ಅದು ಆ ಯೋಜನೆಯ ಸಾರ್ಥಕತೆ. ಅವರು ಬರುತ್ತಾರೆಂದು ಗೊತ್ತಿದ್ದೂ ಬಾಗಿಲಿನ ಅಗಲವನ್ನು ಲೆಕ್ಕ ಹಾಕದೆ ಕೂರುವುದು ಆಡಳಿತದ ಲೋಪ.

ಈ ತತ್ವವನ್ನು ಕೋಲಾರದವರಿಗೆ ಪುಸ್ತಕ ತೆರೆದು ಬೋಧಿಸಬೇಕಿಲ್ಲ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಒಂದು ಬೆಳಿಗ್ಗೆ ನಿಂತರೆ ಸಾಕು. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಯನ್ನು ಗಡಿಯಲ್ಲಿ ತಡೆದಾಗ ಇಲ್ಲಿ ಬೆಲೆ ನೆಲ ಕಚ್ಚಿತು. ಬೆಲೆ ಬಿದ್ದಿತೆಂದು ಹಣ್ಣು ಮರದಲ್ಲೇ ಕಾದು ಕೂರಲಿಲ್ಲ. ಟ್ರ್ಯಾಕ್ಟರುಗಳು ಬರುತ್ತಲೇ ಇದ್ದವು. ಮಾಗಿದ ಹಣ್ಣಿಗೆ ನಾಳೆ ಎಂಬುದಿಲ್ಲ. ಕೊನೆಗೆ ರೈತನಿಗೆ ಸಿಕ್ಕ ಅಲ್ಪಸ್ವಲ್ಪ ಪರಿಹಾರ ಕೂಡ ಬೆಲೆಯಿಂದ ತಾನಾಗಿ ಬಂದದ್ದಲ್ಲ. ಕ್ವಿಂಟಲ್‌ಗೆ 1,616 ರೂಪಾಯಿ ಎಂದು ಗೊತ್ತುಮಾಡಿ, 2.5 ಲಕ್ಷ ಟನ್‌ವರೆಗೆ ಎಂದು ಪ್ರಮಾಣವನ್ನೂ ಗೊತ್ತುಮಾಡಿದ ಕೇಂದ್ರದ ಮಾರುಕಟ್ಟೆ ಮಧ್ಯಪ್ರವೇಶದಿಂದ ಬಂದದ್ದು. ಬೆಲೆಯ ಜೊತೆಗೆ ಪ್ರಮಾಣವನ್ನೂ ಹೇಳಿದಾಗ ಮಾತ್ರ ಅದಕ್ಕೆ ಆಡಳಿತದ ಕ್ರಮ ಎಂಬ ಹೆಸರು ಸಲ್ಲುತ್ತದೆ.

ಪ್ರಮಾಣ ಹೇಳದೆ ಬೆಲೆಯನ್ನು ಮಾತ್ರ ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ಹಾಸನಾಂಬ ಜಾತ್ರೆಗಿಂತ ದೊಡ್ಡ ಉದಾಹರಣೆ ನಮ್ಮ ರಾಜ್ಯದಲ್ಲಿಲ್ಲ. ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ, ಕೆಲವೇ ದಿನ ತೆರೆಯುವ ಬಾಗಿಲು ಅದು. ಅಲ್ಲಿ ಧರ್ಮದರ್ಶನದ ಜೊತೆಗೆ 300 ರೂಪಾಯಿ ಹಾಗೂ 1,000 ರೂಪಾಯಿಗಳ ವಿಶೇಷ ದರ್ಶನದ ಸಾಲುಗಳಿವೆ. 2023ರ ನವೆಂಬರ್‌ನಲ್ಲಿ ಸರದಿ ಸಾಲಿನ ಬಳಿ ವಿದ್ಯುತ್ ಆಘಾತದಿಂದ ಗಾಬರಿಯೆದ್ದು, ನೂಕುನುಗ್ಗಲಾಗಿ ಹಲವರು ಗಾಯಗೊಂಡರು. 2024ರಲ್ಲಿ ಸಾವಿರ ರೂಪಾಯಿ ಕೊಟ್ಟವರೂ ಗಂಟೆಗಟ್ಟಲೆ ನಿಂತು, ಪಾಸ್ ಹಿಡಿದು ಬಂದವರನ್ನು ಶಪಿಸಿದರು. 2025ರಲ್ಲಿ ಸುಮಾರು 26 ಲಕ್ಷ ಭಕ್ತರು ಬಂದರು, ಟಿಕೆಟ್ ಮಾರಾಟದ ಆದಾಯವೇ 20 ಕೋಟಿ ರೂಪಾಯಿ ದಾಟಿತು. ದರ ಇದ್ದಷ್ಟೇ ಇತ್ತು. ಜನ ಕಡಿಮೆಯಾಗಲಿಲ್ಲ, ಏರಿದರು. ಆದರೂ ಆ ವರ್ಷ ವ್ಯವಸ್ಥೆ ಹಿಂದಿನ ವರ್ಷಕ್ಕಿಂತ ಮೇಲೆಂಬ ಮಾತು ಕೇಳಿಬಂದುದಕ್ಕೆ ಕಾರಣ ಟಿಕೆಟ್ಟಿನ ಬೆಲೆಯಲ್ಲ. ಮನಬಂದಂತೆ ಹಂಚುತ್ತಿದ್ದ ಪಾಸುಗಳನ್ನು ಕೈಬಿಟ್ಟು, ಗಣ್ಯರ ಪ್ರವೇಶಕ್ಕೆ ಕಟ್ಟುಪಾಡು ವಿಧಿಸಿದ್ದು.

ಎರಡು ಸಾಲುಗಳ ಪರಿಣಾಮವನ್ನು ಒಂದು ಸರಳ ಲೆಕ್ಕದಿಂದ ನೋಡಬಹುದು. ಅಂಕಿಗಳು ಉದಾಹರಣೆಗಾಗಿ ನಾನು ಇಟ್ಟುಕೊಂಡವು. ಗರ್ಭಗುಡಿಯ ಮುಂದೆ ನಿಮಿಷಕ್ಕೆ 60 ಜನ ಸಾಗಬಲ್ಲರು ಎನ್ನೋಣ. ಬೆಳಿಗ್ಗೆ 6 ಗಂಟೆಗೆ ಬಂದು ನಿಂತವನ ಮುಂದೆ 12,000 ಜನರಿದ್ದಾರೆ. ಸಾಲು ಒಂದೇ ಆಗಿದ್ದರೆ ಆತನಿಗೆ 9 ಗಂಟೆ 20 ನಿಮಿಷಕ್ಕೆ ದರ್ಶನ. ಈಗ ನಿಮಿಷದ 60ರಲ್ಲಿ 40 ಜಾಗವನ್ನು ಟಿಕೆಟ್ ಪಡೆದವರಿಗೆ ಕೊಡಿ. ಉಚಿತ ಸಾಲಿಗೆ ಉಳಿಯುವುದು 20. ಅದೇ ಮನುಷ್ಯ ಒಳಗೆ ಹೋಗುವುದು ಸಂಜೆ 4 ಗಂಟೆಗೆ. ಮಧ್ಯಾಹ್ನ ಊಟ ಮುಗಿಸಿ ಬಂದ ಟಿಕೆಟ್‌ದಾರ ಆ ಹೊತ್ತಿಗೆ ದರ್ಶನ ಪಡೆದು ಮನೆಯ ದಾರಿ ಹಿಡಿದಿರುತ್ತಾನೆ. ಬಾಗಿಲು ಒಂದಿಂಚೂ ಅಗಲವಾಗಲಿಲ್ಲ, ಬಂದ ಜನರಲ್ಲಿ ಒಬ್ಬರೂ ಕಡಿಮೆಯಾಗಲಿಲ್ಲ. ಕಾಯುವ ಭಾರ ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ವರ್ಗವಾಯಿತು, ಅಷ್ಟೇ.

ಆ ಇನ್ನೊಬ್ಬರು ಯಾರು? ಉದ್ಯೋಗ ಖಾತರಿ ಯೋಜನೆಯಲ್ಲಿ 2025–26ನೇ ಸಾಲಿಗೆ ಕರ್ನಾಟಕಕ್ಕೆ ನಿಗದಿಯಾಗಿದ್ದ ದಿನಗೂಲಿ 370 ರೂಪಾಯಿ. ಹತ್ತು ಗಂಟೆ ಸಾಲಿನಲ್ಲಿ ನಿಂತ ಕೂಲಿಕಾರ ಕಳೆದುಕೊಳ್ಳುವುದು ಅಷ್ಟನ್ನು. ಅಂದರೆ ಧರ್ಮದರ್ಶನಕ್ಕೆ ಆತ ತೆತ್ತ ಬೆಲೆ ಮುನ್ನೂರು ರೂಪಾಯಿಯ ಟಿಕೆಟ್ಟಿಗಿಂತ ಹೆಚ್ಚು. ಆ ಹಣ ದೇವಸ್ಥಾನದ ಹುಂಡಿಗೂ ಸೇರುವುದಿಲ್ಲ, ಸರ್ಕಾರದ ಖಜಾನೆಗೂ ಸೇರುವುದಿಲ್ಲ, ಬಿಸಿಲಿನಲ್ಲಿ ಆವಿಯಾಗುತ್ತದೆ. ಹಾಗಾದರೆ ಆತ ಮುನ್ನೂರು ಕೊಟ್ಟೇ ಹೋಗಬಾರದೇಕೆ ಎಂದು ಜಾಣರು ಕೇಳಿಯಾರು. ಮಡದಿ, ತಾಯಿ, ಮಕ್ಕಳೊಂದಿಗೆ ಬಂದವನಿಗೆ ಅದು ಮುನ್ನೂರಲ್ಲ, ಸಾವಿರದೈನೂರು. ಸಾಲಿನ ಬೆಲೆಯನ್ನು ಆತ ನಾಳೆಯ ಕೂಲಿಯಲ್ಲಿ ತೆರಬಹುದು. ಟಿಕೆಟ್ಟಿನ ಬೆಲೆಯನ್ನು ಈಗಲೇ, ಜೇಬಿನಿಂದ ಎಣಿಸಿ ಕೊಡಬೇಕು.

ಸೀಮಿತವಾದದ್ದನ್ನು ಹಲವರಿಗೆ ಹಂಚಲು ಲೋಕದಲ್ಲಿ ನಾಲ್ಕೇ ದಾರಿಗಳಿವೆ: ಬೆಲೆ, ಸರದಿ, ಚೀಟಿ ಎತ್ತುವುದು ಮತ್ತು ಶಿಫಾರಸು. ಅರ್ಥಶಾಸ್ತ್ರದ ಪಠ್ಯಗಳು ಮೊದಲ ಮೂರನ್ನು ವಿವರವಾಗಿ ಚರ್ಚಿಸುತ್ತವೆ. ನಮ್ಮಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ನಾಲ್ಕನೆಯದು. ಜಾತ್ರೆ, ಉತ್ಸವಗಳ ಪೂರ್ವಭಾವಿ ಸಭೆಗಳಲ್ಲಿ ಹಲವು ವರ್ಷ ಕುಳಿತವನಾದ್ದರಿಂದ ಆ ಸಭೆಗಳ ನಡಾವಳಿ ನನಗೆ ಬಾಯಿಪಾಠ. ಕುಡಿಯುವ ನೀರು, ತಾತ್ಕಾಲಿಕ ಶೌಚಾಲಯ, ಬ್ಯಾರಿಕೇಡ್, ಆಂಬುಲೆನ್ಸ್, ಹೆಚ್ಚುವರಿ ಬಸ್, ವಿದ್ಯುತ್ ದೀಪಾಲಂಕಾರ, ಕೊನೆಯಲ್ಲಿ ಪಾಸ್ ವಿತರಣೆ. ಮೊದಲ ಆರು ವಿಷಯಗಳು ಹದಿನೈದು ನಿಮಿಷದಲ್ಲಿ ಮುಗಿಯುತ್ತಿದ್ದವು. ಏಳನೆಯದು ಒಂದು ಗಂಟೆ ಹಿಡಿಯುತ್ತಿತ್ತು. ಯಾವ ಇಲಾಖೆಗೆ ಎಷ್ಟು, ಯಾವ ಜನಪ್ರತಿನಿಧಿಗೆ ಎಷ್ಟು, ಪೊಲೀಸರಿಗೆ ಎಷ್ಟು ಎಂಬ ಚೌಕಾಸಿ ನಡೆದು ಒಂದು ಸಂಖ್ಯೆ ದಾಖಲಾಗುತ್ತಿತ್ತು. ಜಾತ್ರೆಯ ದಿನ ಬಾಗಿಲಿಗೆ ಬರುತ್ತಿದ್ದ ಪಾಸುಗಳಿಗೂ ಆ ಸಂಖ್ಯೆಗೂ ಸಂಬಂಧವೇ ಇರುತ್ತಿರಲಿಲ್ಲ. ಬಾಗಿಲಿನಲ್ಲಿ ಗಂಟೆಗೆ ಎಷ್ಟು ಜನ ಸಾಗಬಲ್ಲರು ಎಂಬ ವಿಷಯ ಮಾತ್ರ ಯಾವ ನಡಾವಳಿಯಲ್ಲೂ ನನ್ನ ಕಣ್ಣಿಗೆ ಬಿದ್ದದ್ದಿಲ್ಲ. ಪಾಸ್ ಎಂಬುದು ಶೂನ್ಯ ಬೆಲೆಯ, ಅತ್ಯುನ್ನತ ದರ್ಜೆಯ ಟಿಕೆಟ್. ಅದು ಯಾವ ಲೆಕ್ಕಪುಸ್ತಕದಲ್ಲೂ ಕಾಣಿಸಿಕೊಳ್ಳದು. ಚುನಾವಣೆಯ ಕಾಲಕ್ಕೆ ಮುಳಬಾಗಿಲಿನ ಕುರುಡುಮಲೆ ವಿನಾಯಕನ ಸನ್ನಿಧಿಯಿಂದಲೇ ಪ್ರಚಾರ ಆರಂಭಿಸುವ ನಮ್ಮ ನಾಯಕರ ಹಿಂದೆ ಒಳಗೆ ಹೋಗುವ ಹಿಂಬಾಲಕರನ್ನು ಯಾರು ಎಣಿಸಿದ್ದಾರೆ?

ಇಷ್ಟು ಹೇಳಿದ ಮಾತ್ರಕ್ಕೆ ಎಲ್ಲವೂ ಉಚಿತವಾಗಿದ್ದರೆ ಒಳ್ಳೆಯದು ಎಂಬುದು ನನ್ನ ವಾದವಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ದ್ವಾರಗಳಲ್ಲಿ ಹನ್ನೊಂದು ಜೀವಗಳು ಹೋದವು. ಸುಮಾರು 35,000 ಆಸನಗಳ ಕ್ರೀಡಾಂಗಣ; ಹೊರಗೆ ಸೇರಿದವರು ಎರಡು ಲಕ್ಷಕ್ಕೂ ಮೇಲೆ. ಪ್ರವೇಶ ಉಚಿತ ಎಂದು ಒಮ್ಮೆ, ಪಾಸ್ ಬೇಕು ಎಂದು ಮತ್ತೊಮ್ಮೆ ಸುದ್ದಿ ಹರಡಿತು. ಅನರ್ಥಕ್ಕೆ ಕಾರಣ ಉಚಿತ ಎಂಬ ಪದವೆಂದು ಅನೇಕರು ಬರೆದರು. ನನ್ನ ಎಣಿಕೆಯಲ್ಲಿ ಅದು ಅರ್ಧ ಸತ್ಯ. ಅದೇ ಉಚಿತ ಟಿಕೆಟ್ಟಿನ ಮೇಲೆ ಆಸನದ ಸಂಖ್ಯೆಯೊಂದನ್ನು ನಮೂದಿಸಿ ಹಿಂದಿನ ದಿನವೇ ಹಂಚಿದ್ದರೆ, ಟಿಕೆಟ್ ಇಲ್ಲದವನು ಮನೆಯಲ್ಲಿ ಟಿ.ವಿ. ಮುಂದೆ ಕೂರುತ್ತಿದ್ದ. ಗೆಲುವಿನ ಮರುದಿನವೇ ಸಂಭ್ರಮಿಸುವ ಆತುರದಲ್ಲಿ ಅದಕ್ಕೆ ವೇಳೆಯನ್ನೇ ಇಟ್ಟುಕೊಳ್ಳಲಿಲ್ಲ.

ಸಂಖ್ಯೆ ನಿಗದಿಯಾದರಷ್ಟೇ ಸಾಕೇ? ಸಾಲದು. ಮುಳಬಾಗಿಲು, ಪಲಮನೇರು ಮಾರ್ಗವಾಗಿ ನಮ್ಮ ಜಿಲ್ಲೆಯವರು ನಿತ್ಯ ಓಡಾಡುವ ತಿರುಪತಿಯಲ್ಲಿ 2025ರ ಜನವರಿ 8ರ ರಾತ್ರಿ ನಡೆದದ್ದನ್ನು ನೆನೆಯಿರಿ. ವೈಕುಂಠ ದ್ವಾರ ದರ್ಶನದ ಮೊದಲ ಮೂರು ದಿನಗಳಿಗೆ 1.2 ಲಕ್ಷ ಉಚಿತ ಟೋಕನ್‌ಗಳೆಂದು ಪ್ರಕಟವಾಗಿತ್ತು. ಅಂದರೆ ಪ್ರಮಾಣ ಗೊತ್ತಿತ್ತು, ಬೆಲೆಯೂ ಇರಲಿಲ್ಲ. ಆದರೆ ಆ ಟೋಕನ್‌ಗಳನ್ನು ಮರುದಿನ ಬೆಳಗಿನಿಂದ ಕೌಂಟರುಗಳಲ್ಲಿ ಹಂಚುವುದೆಂದು ಗೊತ್ತಾಗಿ ಜನ ಹಿಂದಿನ ಸಂಜೆಯೇ ಅಲ್ಲಿಗೆ ಮುತ್ತಿದರು. ಆರು ಮಂದಿ ಸತ್ತರು. ಬೆಟ್ಟದ ಮೇಲಿನ ಬಾಗಿಲಿನ ನೂಕುನುಗ್ಗಲನ್ನು ಬೆಟ್ಟದ ಕೆಳಗಿನ ಕೌಂಟರಿಗೆ ಇಳಿಸಿದಂತಾಯಿತು, ಅಷ್ಟೇ. ಆ ಪಾಠ ಕಲಿತೇ ಟಿಟಿಡಿ 2025ರ ಡಿಸೆಂಬರ್ ಕೊನೆಯ ವೈಕುಂಠ ಏಕಾದಶಿಗೆ ಮೊದಲ ಮೂರು ದಿನಗಳ ಟೋಕನ್‌ಗಳನ್ನು ಆನ್‌ಲೈನ್ ಲಾಟರಿಯ ಮೂಲಕ ಕೊಡುವ ನಿರ್ಧಾರಕ್ಕೆ ಬಂದಿತು. ಚೀಟಿ ಎತ್ತುವಾಗ ಬೆಳಗಿನ ಜಾವ ಬಂದವನಿಗೂ ಆಮೇಲೆ ಬಂದವನಿಗೂ ಭೇದವಿಲ್ಲವಾದ್ದರಿಂದ ಓಡಿ ಬರುವ ಕಾರಣವೇ ಇಲ್ಲವಾಗುತ್ತದೆ. ಮೊಬೈಲ್ ಬಳಕೆ ಬಾರದವರ ಗತಿಯೇನು ಎಂಬ ಪ್ರಶ್ನೆ ಉಳಿಯುತ್ತದೆ; ಅದಕ್ಕೆ ಮುಂದೆ ಬರುತ್ತೇನೆ.

ನ್ಯಾಯಾಲಯ ಇದನ್ನು ಸರಿಪಡಿಸಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ದೇವಾಲಯಗಳಲ್ಲಿ ಹಣ ಕೊಟ್ಟವರಿಗೆ ವಿಶೇಷ ದರ್ಶನ ನೀಡುವುದನ್ನು ಪ್ರಶ್ನಿಸಿದ್ದ ಅರ್ಜಿಯೊಂದನ್ನು ಸುಪ್ರೀಂ ಕೋರ್ಟ್ 2025ರ ಜನವರಿ 31ರಂದು ವಿಲೇವಾರಿ ಮಾಡುವಾಗ, ಅಂಥ ವಿಶೇಷ ಸೌಲಭ್ಯ ಇರಬಾರದೆಂಬ ಅಭಿಪ್ರಾಯ ವ್ಯಕ್ತಪಡಿಸಿಯೂ ತಾನು ನಿರ್ದೇಶನ ನೀಡಲಾರೆನೆಂದು ಹೇಳಿ ವಿಷಯವನ್ನು ಆಡಳಿತಗಳಿಗೇ ಬಿಟ್ಟಿತು. ಚಿನ್ನಸ್ವಾಮಿ ದುರಂತದ ಬಳಿಕ ರಾಜ್ಯ ಸರ್ಕಾರ ಜನಸಂದಣಿ ನಿಯಂತ್ರಣಕ್ಕೆಂದು ಸಿದ್ಧಪಡಿಸಿದ ಮಸೂದೆಯ ಮೊದಲ ಕರಡಿನಲ್ಲಿ ಜಾತ್ರೆ, ರಥೋತ್ಸವ, ಪಲ್ಲಕ್ಕಿ ಉತ್ಸವ, ಉರುಸ್‌ಗಳನ್ನು ಹೊರಗಿಡಲಾಗಿತ್ತು. ಭಕ್ತಿಗೆ ಕಾನೂನಿನ ಬೇಲಿ ಬೇಡ ಎಂಬ ಎಚ್ಚರ ಅದರ ಹಿಂದೆ ಇದ್ದಿರಬಹುದು. ಜನರು ಅತಿ ಹೆಚ್ಚು ಸೇರುವ ಸಂದರ್ಭವೇ ಹೊರಗುಳಿದರೆ ಕಾನೂನಿನೊಳಗೆ ಉಳಿಯುವುದೇನು?

ಸಂಖ್ಯೆಯನ್ನು ಮೊದಲು ಗೊತ್ತುಮಾಡಿದರೆ ಆಗುವ ಅನುಕೂಲಕ್ಕೆ ನಮ್ಮಲ್ಲೇ ಒಂದು ಉದಾಹರಣೆಯಿದೆ. 2024ರ ಗಣರಾಜ್ಯೋತ್ಸವದ ಸಾಲು ರಜೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಚಾರಣಿಗರು ಏಕಕಾಲಕ್ಕೆ ನುಗ್ಗಿದ ಚಿತ್ರಗಳನ್ನು ಓದುಗರು ಮರೆತಿರಲಾರರು. ಅರಣ್ಯ ಇಲಾಖೆ ಚಾರಣವನ್ನೇ ತಾತ್ಕಾಲಿಕವಾಗಿ ನಿಲ್ಲಿಸಿ, ದಿನಕ್ಕೆ 300 ಜನರಿಗಷ್ಟೇ ಆನ್‌ಲೈನ್ ಟಿಕೆಟ್ ಎಂಬ ನಿಯಮ ತಂದಿತು. ಅಲ್ಲಿ ಕೆಲಸ ಮಾಡುತ್ತಿರುವುದು ಟಿಕೆಟ್ಟಿನ ದರವಲ್ಲ, ಮುನ್ನೂರು ಎಂಬ ಅಂಕಿ. ಚಾರಣಿಗನಿಗೆ ಈ ಶನಿವಾರ ಇಲ್ಲದಿದ್ದರೆ ಮುಂದಿನ ಶನಿವಾರ ಆದೀತು. ಕೋಲಾರದ ಅಂತರಗಂಗೆ ಬೆಟ್ಟದ ಗುಹೆಗಳ ಚಾರಣವೂ ಅದೇ ಜಾತಿಗೆ ಸೇರಿದ್ದು. ಆ ಬೆಟ್ಟದ ಮೆಟ್ಟಿಲು ಹತ್ತಿ ಕಾಶಿ ವಿಶ್ವೇಶ್ವರನಿಗೆ ಕೈಮುಗಿದು ಬಸವನ ಬಾಯಿಯ ನೀರು ಕುಡಿಯಲು ಬರುವ ಊರಿನವರು ಮಾತ್ರ ಆ ಜಾತಿಯವರಲ್ಲ. ಒಂದೇ ಬೆಟ್ಟ, ಎರಡು ಬಗೆಯ ಜನ. ಒಂದೇ ಟಿಕೆಟ್ ಇಬ್ಬರಿಗೂ ಸಲ್ಲದು.

ಆದ್ದರಿಂದ ಕೋಲಾರ ಜಿಲ್ಲಾಡಳಿತ ಹೆದ್ದಾರಿಯ ಜನ ಬಂದು ಬಾಗಿಲು ತಟ್ಟುವ ಮುನ್ನ ತನ್ನ ತಾಣಗಳನ್ನು ವಿಂಗಡಿಸಿಕೊಳ್ಳಬೇಕು. ಕೋಟಿಲಿಂಗೇಶ್ವರಕ್ಕೆ ಭಕ್ತನೂ ಬರುತ್ತಾನೆ, 108 ಅಡಿಯ ಲಿಂಗದ ಮುಂದೆ ಚಿತ್ರ ತೆಗೆಸಿಕೊಳ್ಳುವ ಪ್ರವಾಸಿಯೂ ಬರುತ್ತಾನೆ. ಎರಡನೆಯವನಿಗೆ ಭಾನುವಾರ, ಹೊಸ ವರ್ಷದ ದಿನ ಹೆಚ್ಚಿನ ದರ, ಬುಧವಾರ ಕಡಿಮೆ ದರ ಎಂದು ಧಾರಾಳವಾಗಿ ಹೇಳಬಹುದು. ವಿಶೇಷವಾಗಿ ವಾಹನ ನಿಲುಗಡೆಯ ದರವನ್ನು. ಕಾರಿನ ಮೇಲೆ ಹಾಕುವ ಶುಲ್ಕ ಬಸ್ಸಿನಲ್ಲಿ ಬರುವವನಿಗೆ ತಟ್ಟುವುದಿಲ್ಲ, ರಸ್ತೆಯ ಜಾಗವನ್ನು ಹೆಚ್ಚು ಆಕ್ರಮಿಸುವವನೂ ಅವನೇ. ಮಹಾಶಿವರಾತ್ರಿಯಂದು ಈ ತರ್ಕ ನಡೆಯದು, ಅಂದು ವೇಳೆ ನಮೂದಿಸಿದ ಟೋಕನ್ನೇ ಬೇಕು. ಆವಣಿಯ ಜಾತ್ರೆಗೆ ಯಾವ ಟಿಕೆಟ್ಟೂ ಬೇಡ. ರಾಸುಗಳಿಗೂ ಜನರಿಗೂ ಸಾಕಷ್ಟು ಬಯಲಿರುವ ಕಡೆ ಕೌಂಟರ್ ಕಟ್ಟಿದರೆ ಇಲ್ಲದ ಸರದಿಯನ್ನು ನಾವೇ ಹುಟ್ಟಿಸಿದಂತೆ.

ಚಿಕ್ಕತಿರುಪತಿಯಂಥ ಕಡೆ ವಿಶೇಷ ದರ್ಶನದ ಸಾಲನ್ನು ಪೂರ್ತಿ ತೆಗೆದುಹಾಕಿ ಎಂದು ನಾನು ಹೇಳಲಾರೆ. ದೇವಾಲಯಗಳಿಗೆ ಆದಾಯ ಬೇಕು, ವೃದ್ಧರಿಗೆ ಬೇರೆ ಸಾಲು ಬೇಕು. ಆದರೆ ಗಂಟೆಗೆ ಒಳಹೋಗುವವರಲ್ಲಿ ಹಣ ಕೊಟ್ಟವರೂ ಪಾಸಿನವರೂ ಸೇರಿ ಐದರಲ್ಲಿ ಒಂದು ಪಾಲನ್ನು ಮೀರಬಾರದು ಎಂಬ ಮಿತಿಯನ್ನು ಹಾಕಬಹುದು. ಪಾಲು ಐದರಲ್ಲೊಂದೇ ಇರಬೇಕೆಂಬ ಹಟ ನನ್ನದಲ್ಲ. ಒಂದು ಪಾಲು ಗೊತ್ತಾಗಿ, ಬಾಗಿಲಿನ ಬಳಿ ದೊಡ್ಡ ಅಕ್ಷರದಲ್ಲಿ ಬರೆದಿರಬೇಕು ಎಂಬುದು ನನ್ನ ಹಟ. ಉಳಿದ ನಾಲ್ಕು ಪಾಲಿನವರಿಗೆ ವೇಳೆ ಬರೆದ ಉಚಿತ ಟೋಕನ್. ಅದನ್ನು ದೇವಾಲಯದ ಮುಂದೆ ಹಂಚಿದರೆ ತಿರುಪತಿಯ ಕತೆಯೇ ಮರುಕಳಿಸುತ್ತದೆ. ಮೊಬೈಲ್ ಇದ್ದವರು ಮೊಬೈಲಿನಲ್ಲಿ ಪಡೆಯಲಿ. ಇಲ್ಲದವರಿಗೆ ಪಹಣಿ, ಜಾತಿ ಪ್ರಮಾಣಪತ್ರಗಳಿಗೆ ಅರ್ಜಿ ಹಾಕುವ ಊರಿನ ಗ್ರಾಮ ಒನ್ ಕೇಂದ್ರವೇ ಮೂರು ದಿನ ಮೊದಲು ಟೋಕನ್ ಕೊಡಲಿ. ಮಧ್ಯಾಹ್ನ 2ರಿಂದ 3 ಎಂದು ಬರೆದ ಚೀಟಿ ಕೈಯಲ್ಲಿದ್ದರೆ ಲಕ್ಕೂರಿನ ಹೆಣ್ಣುಮಗಳು ಬೆಳಗಿನ ಹೊತ್ತು ಹೂವು ಬಿಡಿಸಿ ಮಾರುಕಟ್ಟೆಗೆ ಕಳುಹಿಸಿಯೇ ಹೊರಡಬಹುದು. ಆ ಅರ್ಧ ದಿನದ ಕೂಲಿ ಉಳಿಯುವುದೇ ಆಕೆಗೆ ಸರ್ಕಾರ ಕೊಟ್ಟ ರಿಯಾಯಿತಿ.

ಸಂಗ್ರಹವಾದ ಶುಲ್ಕ ಎಲ್ಲಿಗೆ ಹೋಗುತ್ತದೆ ಎಂಬುದೂ ಮುಖ್ಯ. ವಿಶೇಷ ಸಾಲಿನ ಹಣದಲ್ಲಿ ಒಂದು ಗೊತ್ತಾದ ಪಾಲು ಉಚಿತ ಸಾಲಿನ ನೆರಳಿಗೆ, ನೀರಿಗೆ, ಹೆಂಗಸರ ಶೌಚಾಲಯಕ್ಕೆ ಖರ್ಚಾಗಬೇಕು. ಮುಂದೆ ಹೋದವನು ಹಿಂದೆ ಉಳಿದವನಿಗೆ ಕೊಡುವ ಬಾಡಿಗೆ ಅದು. ಈಗ ಅದು ಒಟ್ಟು ಆದಾಯದಲ್ಲಿ ಕರಗಿ, ವರ್ಷಾಂತ್ಯದಲ್ಲಿ ದಾಖಲೆಯ ಸಂಗ್ರಹ ಎಂಬ ತಲೆಬರಹದಡಿ ಪತ್ರಿಕೆಗಳಲ್ಲಿ ಬರುತ್ತದೆ. ಜನ ಎಷ್ಟು ಗಂಟೆ ನಿಂತರೆಂಬ ದಾಖಲೆ ಎಲ್ಲೂ ಬರುವುದಿಲ್ಲ.

ಇದಾವುದಕ್ಕೂ ದೊಡ್ಡ ಅನುದಾನವಾಗಲಿ ಹೊಸ ಪ್ರಾಧಿಕಾರವಾಗಲಿ ಬೇಕಿಲ್ಲ. ಮುಂದಿನ ಶ್ರಾವಣದ ಪೂರ್ವಭಾವಿ ಸಭೆಗೆ ಮುಂಚೆ ಯಾವುದಾದರೊಂದು ಶನಿವಾರ ಮಾಲೂರಿನ ತಹಶೀಲ್ದಾರರು ಇಬ್ಬರು ಗ್ರಾಮ ಆಡಳಿತಾಧಿಕಾರಿಗಳನ್ನು, ಅಂದರೆ ನಮ್ಮ ಕಾಲದ ಗ್ರಾಮಲೆಕ್ಕಿಗರನ್ನು, ಚಿಕ್ಕತಿರುಪತಿಯ ದ್ವಾರದಲ್ಲಿ ನಿಲ್ಲಿಸಿ, ಬೆಳಗಿನಿಂದ ಸಂಜೆಯವರೆಗೆ ಗಂಟೆಗೆ ಎಷ್ಟು ಜನ ಒಳಹೋದರು, ಅವರಲ್ಲಿ ಟಿಕೆಟ್ಟಿನವರೆಷ್ಟು, ಪಾಸಿನವರೆಷ್ಟು ಎಂದು ಗೆರೆ ಎಳೆದು ಎಣಿಸಲು ಹೇಳಲಿ. ಆ ಹಾಳೆಯನ್ನು ಸಭೆಯ ಮೊದಲ ವಿಷಯವಾಗಿ ಮೇಜಿನ ಮೇಲಿಡಲಿ. ಪಾಸ್ ವಿತರಣೆಯ ಚರ್ಚೆ ಅದಾದ ಮೇಲೆ ನಡೆಯಲಿ.